ಹಳೆಯ ಲಾರಿಗೆ ಬೇರೆ ಎಂಜಿನ್: ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಲಾರಿ ಇಟ್ಟುಕೊಂಡ ರೈತನ ಗಳಿಕೆಯೆಲ್ಲ ಕಬ್ಬಿನ ಹಂಗಾಮಿನ ನಾಲ್ಕೈದು ತಿಂಗಳಲ್ಲಿಯೇ ಆಗಬೇಕು. ಸಮೀರವಾಡಿ, ಮುಧೋಳ, ಹಿರೇಪಡಸಲಗಿಯ ಸಕ್ಕರೆ ಕಾರ್ಖಾನೆಗಳು ಶುರುವಾದ ದಿನದಿಂದ ನಿಲ್ಲುವ ದಿನದವರೆಗೆ ಗಾಡಿ ಓಡಿದರೆ ಸಾಲದ ಕಂತು, ವಿಮೆ, ಟಾಯರು, ಚಾಲಕನ ಪಗಾರ ಎಲ್ಲವೂ ಸರಿಹೋಗುತ್ತದೆ. ನಡುಹಂಗಾಮಿನಲ್ಲಿ ಎಂಜಿನ್ ಕೈಕೊಟ್ಟರೆ ನಷ್ಟ ಲಾರಿಯವನೊಬ್ಬನದೇ ಅಲ್ಲ. ಕಡಿದ ಕಬ್ಬು ಹೊಲದಲ್ಲಿಯೋ ರಸ್ತೆಯಲ್ಲಿಯೋ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. 24 ಗಂಟೆಯೊಳಗೆ ಗಾಣಕ್ಕೆ ಬಿದ್ದರೆ ಒಳ್ಳೆಯದೆಂದು ತಿಳಿದವರು ಹೇಳುವುದು ಇದಕ್ಕಾಗಿಯೇ. ಗಾಡಿ ನಿಂತ ದಿನ ಕಡಿಯುವ ಗ್ಯಾಂಗಿಗೂ ಕೆಲಸವಿಲ್ಲ, ಬೆಳೆದವನಿಗೂ ನಿದ್ದೆಯಿಲ್ಲ.

ಆದುದರಿಂದ ಸವೆದ ಎಂಜಿನ್ನಿನ ವಿಚಾರವನ್ನು ಮಳೆಗಾಲದಲ್ಲಿಯೇ ಮಾಡಬೇಕು. ಹೊಸ ಲಾರಿ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಇದ್ದ ಲಾರಿಗೆ ಬೇರೆ ಎಂಜಿನ್ ಕೂರಿಸಿ ಇನ್ನು ಕೆಲವು ಹಂಗಾಮು ತೆಗೆಯೋಣ ಎನ್ನುವವರೇ ಹೆಚ್ಚು. ಇದು ತಪ್ಪಲ್ಲ. ಆದರೆ ಕಡಿಮೆ ಖರ್ಚಿನಲ್ಲಿ ಮಾಡುವುದೆಂದರೆ ಎಲ್ಲವನ್ನೂ ಅಗ್ಗದಲ್ಲಿ ಕೊಳ್ಳುವುದಲ್ಲ. ಕೆಲವು ಭಾಗಗಳು ಹಳೆಯವಾದರೂ ನಡೆಯುತ್ತದೆ. ಕೆಲವನ್ನು ಹಳೆಯದು ಹಾಕಿದರೆ ಮಾಡಿದ ಖರ್ಚೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಯಾವುದು ಯಾವ ಗುಂಪಿಗೆ ಸೇರುತ್ತದೆಂಬುದನ್ನು ಕೆಳಗೆ ನೋಡಬಹುದು.

ರೋಗ ಯಾವುದೆಂದು ಮೊದಲು ತಿಳಿಯಿರಿ

ಗಾಡಿ ಎಳೆಯುತ್ತಿಲ್ಲವೆಂದ ಮಾತ್ರಕ್ಕೆ ಎಂಜಿನ್ ಮುಗಿಯಿತೆಂದು ತಿಳಿಯಬೇಡಿರಿ. ಸೈಲೆನ್ಸರಿನ ಹೊಗೆಯನ್ನು ಗಮನಿಸಿರಿ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್, ನಾಝಲ್, ಡೀಸೆಲ್ ಪಂಪು ನೋಡಿದರೆ ಸಾಕಾಗಬಹುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು, ಇಲ್ಲವೆ ಡೀಸೆಲ್ ಪೂರ್ತಿ ಉರಿಯದೆ ಹೊರಬರುತ್ತಿರಬಹುದು.

ಎಂಜಿನ್ ನಡೆಯುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ರಿಂಗು, ಲೈನರು ಸವೆದಿವೆ. ಬಿಸಿಯಾದಾಗ ಆಯಿಲ್ ಒತ್ತಡ ಇಳಿದುಹೋದರೆ ಬೇರಿಂಗು ಅಥವಾ ಆಯಿಲ್ ಪಂಪು ಸವೆದಿರುವ ಸಂಭವ ಹೆಚ್ಚು. ಇದಾದ ಮೇಲೆ ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಯಿಸಿರಿ. ಎಲ್ಲ ಸಿಲಿಂಡರುಗಳೂ ಒಂದೇ ಸಮನೆ ಇಳಿದಿದ್ದರೆ ಅದು ಸವೆತ. ಒಂದೇ ಸಿಲಿಂಡರು ಸತ್ತಿದ್ದರೆ ವಾಲ್ವು, ಹೆಡ್ಡಿನ ಪ್ಯಾಕಿಂಗು ಮುಂತಾದ ಸಣ್ಣ ಕಾರಣವಿರಬಹುದು.

ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ತುಂಡಾಗಿದ್ದರೆ, ಕನೆಕ್ಟಿಂಗ್ ರಾಡು ಬ್ಲಾಕನ್ನು ಸೀಳಿ ಹೊರಬಂದಿದ್ದರೆ ಮಾತ್ರ ಬೇರೆ ಎಂಜಿನ್ ಅನಿವಾರ್ಯ. ಉಳಿದ ಸಂದರ್ಭಗಳಲ್ಲಿ ಇದ್ದ ಎಂಜಿನ್ನನ್ನೇ ಇಳಿಸಿ ಕೆಲಸ ಮಾಡಿಸಿದರೆ ಎಷ್ಟು, ಬೇರೆಯದನ್ನು ಕೂರಿಸಿದರೆ ಎಷ್ಟು ಎಂದು ಎರಡೂ ಲೆಕ್ಕವನ್ನು ಬರೆಯಿಸಿಕೊಂಡು ತೂಗಿ ನೋಡಿರಿ. ಸಾಗಣೆ, ಲೇಥ್ ಕೆಲಸ, ಪಂಪಿನ ಕೆಲಸ, ಮಿಸ್ತ್ರಿಯ ಕೂಲಿ ಎಲ್ಲವೂ ಆ ಲೆಕ್ಕದಲ್ಲಿರಲಿ.

ಅದೇ ಜಾತಿಯ ಎಂಜಿನ್ ಹುಡುಕಿರಿ

ಉಳಿತಾಯದ ಮೊದಲ ಸೂತ್ರವಿದು: ನಿಮ್ಮ ಲಾರಿಗೆ ಕಂಪನಿ ಕೂರಿಸಿದ್ದ ಮಾದರಿಯ ಎಂಜಿನ್ನನ್ನೇ ತನ್ನಿರಿ. ಬೇರೆ ಕಂಪನಿಯ ಎಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಫೌಂಡೇಶನ್ ಬೇರೆ, ಗೇರ್ ಬಾಕ್ಸಿನ ಹೌಸಿಂಗು ಬೇರೆ, ಕ್ಲಚ್ ಬೇರೆ, ರೇಡಿಯೇಟರಿನ ಪೈಪು ಬೇರೆ. ಒಂದೊಂದನ್ನೂ ವೆಲ್ಡಿಂಗ್ ಮಾಡಿಸಿ, ಲೇಥಿಗೆ ಕೊಟ್ಟು ಹೊಂದಿಸುವಷ್ಟರಲ್ಲಿ ಉಳಿದ ಹಣ ಹೋಗಿರುತ್ತದೆ. ಹೆಚ್ಚು ಶಕ್ತಿಯ ಎಂಜಿನ್ ಹಾಕಿದರೆ ಹಳೆಯ ಗೇರ್ ಬಾಕ್ಸು, ಹಿಂದಿನ ಹೌಸಿಂಗು ಆ ಸೆಳೆತ ತಾಳುವುದಿಲ್ಲ.

ಎಂಜಿನ್ನಿನ ಹೆಸರಿನ ಅರ್ಥ ತಿಳಿದಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದು ತಪ್ಪುತ್ತದೆ. ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಕಂಪನಿಯ ಜೊತೆಗೂಡಿ ಜಮಶೇಡಪುರದಲ್ಲಿ ಲಾರಿ ತಯಾರಿಕೆ ಆರಂಭಿಸಿತು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಆ ಪರಂಪರೆಯಲ್ಲಿ ಬಂದ 697 ಎಂಬ ಎಂಜಿನ್ ನಮ್ಮ ರಸ್ತೆಗಳಲ್ಲಿ ಬಹುಕಾಲ ದುಡಿದಿದೆ. ಇಲ್ಲಿ ಮೊದಲ ಅಂಕಿ 6 ಎಂದರೆ ಆರು ಸಿಲಿಂಡರು. 97 ಎಂದರೆ ಸಿಲಿಂಡರಿನ ಬೋರು 97 ಮಿಲಿಮೀಟರ್. ಪಿಸ್ಟನ್ ಮೇಲೆ ಕೆಳಗೆ ಓಡುವ ಅಂತರ 128 ಮಿಲಿಮೀಟರ್. ಈ ಅಳತೆಯಿಂದ ಲೆಕ್ಕ ಹಾಕಿದರೆ ಆರೂ ಸಿಲಿಂಡರು ಸೇರಿ 5675 ಸಿಸಿ ಬರುತ್ತದೆ. ಅದೇ ಬೋರಿನ ನಾಲ್ಕು ಸಿಲಿಂಡರಿನದು 497. ಅದು 3783 ಸಿಸಿ. ಆದರೆ ಅಂಕಿಯ ಮುಂದೆ ಬರುವ ಅಕ್ಷರಗಳೂ ಮುಖ್ಯ. ಟರ್ಬೊ ಇರುವ ಎಂಜಿನ್ನಿಗೂ ಇಲ್ಲದ ಎಂಜಿನ್ನಿಗೂ ಪಿಸ್ಟನ್, ನಾಝಲ್, ಪಂಪಿನ ಹೊಂದಿಕೆ ಬೇರೆ ಇರಬಹುದು. ಆದುದರಿಂದ ಬರಿ ಅಂಕಿ ಹೇಳಿ ಸಾಮಾನು ಕೇಳಬೇಡಿರಿ. ಎಂಜಿನ್ನಿನ ಮೇಲಿನ ತಗಡಿನ ಪಟ್ಟಿಯ ಫೋಟೊ ತೆಗೆದುಕೊಂಡು ಹೋಗಿರಿ.

ಬಿಎಸ್-4 ನಿಯಮ ದೇಶದಾದ್ಯಂತ 2017ರ ಏಪ್ರಿಲಿನಿಂದ, ಬಿಎಸ್-6 ನಿಯಮ 2020ರ ಏಪ್ರಿಲಿನಿಂದ ಜಾರಿಗೆ ಬಂದವು. ಈ ಹೊಸ ಎಂಜಿನ್ನುಗಳಿಗೆ ಕಂಪ್ಯೂಟರ್ ಪೆಟ್ಟಿಗೆ, ಸಂವೇದಕಗಳು, ಹೊಗೆ ಶುದ್ಧಿ ಮಾಡುವ ಸಾಧನಗಳು ಇರುತ್ತವೆ. ಅವುಗಳನ್ನು ಹಳೆಯ ಲಾರಿಗೆ ಕೂರಿಸುವ ಸಾಹಸ ಊರ ಗ್ಯಾರೇಜಿನ ಕೆಲಸವಲ್ಲ. ಹೊಸ ಮಾದರಿಯ ಲಾರಿಗೆ ಹಳೆಯ ಎಂಜಿನ್ ಹಾಕುವುದಂತೂ ನಿಯಮಕ್ಕೆ ವಿರುದ್ಧ.

ಮೊದಲು ಅಳತೆ, ಆಮೇಲೆ ಅಂಗಡಿ

ನಮ್ಮಲ್ಲಿ ಹೆಚ್ಚಿನ ಹಣ ಪೋಲಾಗುವುದು ಇಲ್ಲಿಯೇ. ಎಂಜಿನ್ ಬಿಚ್ಚುವ ಮೊದಲೇ ಪಿಸ್ಟನ್ ಕಿಟ್ಟು, ಬೇರಿಂಗು ಕೊಂಡು ತರುತ್ತಾರೆ. ಬಿಚ್ಚಿ ನೋಡಿದಾಗ ಕ್ರ್ಯಾಂಕ್ ಇನ್ನೊಂದು ಸೈಜಿಗೆ ಇಳಿಯಬೇಕಾಗಿರುತ್ತದೆ. ತಂದ ಬೇರಿಂಗು ಕೆಲಸಕ್ಕೆ ಬರುವುದಿಲ್ಲ, ಅಂಗಡಿಯವನು ಮರಳಿ ತೆಗೆದುಕೊಳ್ಳುವುದಿಲ್ಲ. ಆಗ ಮಿಸ್ತ್ರಿ ಹೇಗೋ ಹೊಂದಿಸುತ್ತೇನೆ ಎನ್ನುತ್ತಾನೆ. ಆ ಹೊಂದಾಣಿಕೆ ಜನವರಿಯಲ್ಲಿ, ಕಬ್ಬು ತುಂಬಿದ ಗಾಡಿಯಲ್ಲಿ, ಶಬ್ದ ಮಾಡಲು ಶುರುಮಾಡುತ್ತದೆ.

ಸರಿಯಾದ ಕ್ರಮ ಹೀಗಿದೆ. ಎಂಜಿನ್ ಬಿಚ್ಚಿ, ತೊಳೆದು, ಬ್ಲಾಕ್, ಕ್ರ್ಯಾಂಕ್, ಹೆಡ್ ಮೂರನ್ನೂ ಬೋರಿಂಗ್ ಮತ್ತು ಗ್ರೈಂಡಿಂಗ್ ಯಂತ್ರಗಳಿರುವ ಒಳ್ಳೆಯ ಕಾರ್ಯಾಗಾರಕ್ಕೆ ಒಯ್ಯಿರಿ. ನಮ್ಮ ಭಾಗದವರಿಗೆ ಬೆಳಗಾವಿಯ ಉದ್ಯಮಬಾಗ, ಕೊಲ್ಲಾಪುರದ ಉದ್ಯಮನಗರ, ಹುಬ್ಬಳ್ಳಿ ಇವು ದೂರವಲ್ಲ. ಅಲ್ಲಿ ಈ ಕೆಳಗಿನವನ್ನು ಅಳೆಯಿಸಿ, ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ.

ಸಿಲಿಂಡರಿನ ಬೋರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆಯಬೇಕು. ಬೋರು ಗುಂಡಗಿದೆಯೋ ಮೊಟ್ಟೆಯಾಕಾರಕ್ಕೆ ತಿರುಗಿದೆಯೋ ಎಂಬುದು ಇದರಿಂದ ತಿಳಿಯುತ್ತದೆ. ಕ್ರ್ಯಾಂಕಿನ ಪ್ರತಿ ಜರ್ನಲನ್ನೂ ಮೈಕ್ರೋಮೀಟರಿನಿಂದ ಅಳೆಯಬೇಕು. ಮಿಸ್ತ್ರಿಗಳು 10 ಸೈಜು, 20 ಸೈಜು ಎನ್ನುವುದು ಇಂಚಿನ ಸಾವಿರದಲ್ಲಿ 10 ಭಾಗ, 20 ಭಾಗ. ಅಂದರೆ ಸುಮಾರು ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್. ಕ್ರ್ಯಾಂಕನ್ನು ಎಷ್ಟು ಸೈಜು ಇಳಿಸಿದಿರೋ ಅಷ್ಟೇ ಸೈಜಿನ ಬೇರಿಂಗು ಬೇಕು. ಕಂಪನಿ ಹೇಳಿದ ಕೊನೆಯ ಸೈಜನ್ನು ದಾಟಿದ ಕ್ರ್ಯಾಂಕನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡವೆನ್ನಿರಿ. ಕ್ರ್ಯಾಂಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೇ ಎಂದು ಅಯಸ್ಕಾಂತ ಪರೀಕ್ಷೆ, ಹೆಡ್ಡು ಸೋರುತ್ತದೆಯೇ ಎಂದು ನೀರಿನ ಒತ್ತಡದ ಪರೀಕ್ಷೆ ಮಾಡಿಸಿರಿ. ಪರೀಕ್ಷೆಗೆ ಕೊಟ್ಟ ಹಣ ಖರ್ಚಲ್ಲ.

ಈ ಅಳತೆ ಚೀಟಿ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿರಿ. ಹಾಸು ಬಿಗಿಯಾದ ಮೇಲೆ ಹೊಕ್ಕು ಹಾಕಬೇಕೆಂಬುದು ಬನಹಟ್ಟಿಯ ನೇಕಾರನಿಗೆ ಹೇಳಿಕೊಡಬೇಕಾಗಿಲ್ಲ. ಎಂಜಿನ್ನಿನಲ್ಲಿ ಅಳತೆಯೇ ಹಾಸು.

ಹೊಸದನ್ನೇ ಹಾಕಬೇಕಾದವು

ನಿಯಮ ಸರಳವಾಗಿದೆ. ಎಂಜಿನ್ ಮುಚ್ಚಿದ ಮೇಲೆ ಕೈಗೆ ಸಿಗದಂಥದು, ಕೆಟ್ಟರೆ ಪಕ್ಕದ ದುಬಾರಿ ಭಾಗವನ್ನೂ ಕೆಡಿಸುವಂಥದು ಹೊಸದಾಗಿರಲಿ.

ಮೇನ್ ಬೇರಿಂಗು, ಬಿಗ್ ಎಂಡ್ ಬೇರಿಂಗು, ಥ್ರಸ್ಟ್ ವಾಷರು ಹೊಸವೇ ಬೇಕು. ಪಿಸ್ಟನ್ ಮತ್ತು ರಿಂಗು ಒಂದೇ ಕಂಪನಿಯ, ಒಂದೇ ಸೈಜಿನ, ಒಂದೇ ತೂಕದ ಪೂರ್ತಿ ಸೆಟ್ಟಾಗಿರಬೇಕು. ನಾಲ್ಕು ಒಂದು ಕಂಪನಿಯದು, ಎರಡು ಇನ್ನೊಂದು ಕಂಪನಿಯದು ಹಾಕಿದರೆ ಎಂಜಿನ್ ನಡುಗುತ್ತದೆ. ಹೆಡ್ಡಿನ ಪ್ಯಾಕಿಂಗು, ಉಳಿದೆಲ್ಲ ಪ್ಯಾಕಿಂಗು, ಮುಂದಿನ ಹಿಂದಿನ ಆಯಿಲ್ ಸೀಲು, ವಾಲ್ವಿನ ಸೀಲು ಇವನ್ನು ಮರುಬಳಕೆ ಮಾಡಲೇಬಾರದು. ಲೈನರಿಗೆ ನೀರು ತಾಗುವ ಮಾದರಿಯ ಎಂಜಿನ್ನಾದರೆ ಕೆಳಗಿನ ರಬ್ಬರ್ ರಿಂಗುಗಳು ಉತ್ತಮ ದರ್ಜೆಯವಾಗಿರಲಿ. ಆ ಸಣ್ಣ ರಿಂಗು ಸೋರಿದರೆ ನೀರು ಆಯಿಲ್ ಚೇಂಬರಿಗೆ ಇಳಿದು ಬೇರಿಂಗೆಲ್ಲ ಹೋಗುತ್ತದೆ.

ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಫ್ಲೈವೀಲಿನ ನಡುವಿನ ಸಣ್ಣ ಬೇರಿಂಗು ಇವೂ ಈ ಗುಂಪಿಗೇ ಸೇರುತ್ತವೆ. ಎಂಜಿನ್ ಹೊರಗಿರುವಾಗ ಇವನ್ನು ಬದಲಿಸಲು ಕೂಲಿ ಬೇರೆ ಬೀಳುವುದಿಲ್ಲ. ಬಿಟ್ಟರೆ ಮುಂದೆ ಗೇರ್ ಬಾಕ್ಸ್ ಇಳಿಸಬೇಕಾದೀತು. ಎಂಜಿನ್ ಫೌಂಡೇಶನ್ ರಬ್ಬರು, ನೀರಿನ ಹೋಸು ಪೈಪು, ಫ್ಯಾನ್ ಬೆಲ್ಟು ಸಣ್ಣ ಖರ್ಚಿನವು, ಅವೂ ಹೊಸವಿರಲಿ.

ಇಲ್ಲಿ ಉಳಿಸುವ ದಾರಿಯೇ ಇಲ್ಲವೆಂದಲ್ಲ. ಲಾರಿ ಕಂಪನಿಗಳು ಪಿಸ್ಟನ್, ರಿಂಗು, ಬೇರಿಂಗು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಇಂಡಿಯಾ ಪಿಸ್ಟನ್ಸ್, ಶ್ರೀರಾಮ್ ಪಿಸ್ಟನ್ಸ್, ಗೊಯೆಟ್ಜೆ, ಬೈಮೆಟಲ್ ಬೇರಿಂಗ್ಸ್ ಮುಂತಾದ ತಯಾರಕರು ತಮ್ಮದೇ ಹೆಸರಿನ ಡಬ್ಬಿಯಲ್ಲಿಯೂ ಇಂಥ ಭಾಗಗಳನ್ನು ಮಾರುತ್ತಾರೆ. ಲಾರಿ ಕಂಪನಿಯ ಡಬ್ಬಿಯ ಬೆಲೆ, ತಯಾರಕರ ಡಬ್ಬಿಯ ಬೆಲೆ ಎರಡನ್ನೂ ಕೇಳಿ ನೋಡಿರಿ. ಆದರೆ ಹೆಸರಿಲ್ಲದ ಡಬ್ಬಿ, ಅಕ್ಷರ ತಪ್ಪಿದ ಹೆಸರು, ಬೆಲೆ ಚೀಟಿ ಇಲ್ಲದ ಸಾಮಾನು ಬೇಡ. ಬಿಲ್ಲಿಲ್ಲದೆ ಕೊಂಡರೆ ತೆರಿಗೆ ಉಳಿಯುತ್ತದೆ ಎಂದು ಅಂಗಡಿಯವನು ಹೇಳಬಹುದು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಒಂದೇ ದರ, ಶೇಕಡಾ 18 ಜಿ.ಎಸ್.ಟಿ. ಇದೆ. ಅದನ್ನು ಉಳಿಸಲು ಹೋಗಿ ಬಿಲ್ಲು ಬಿಟ್ಟರೆ, ಸಾಮಾನು ಕೆಟ್ಟ ದಿನ ಕೇಳಲು ನಿಮಗೆ ಬಾಯಿ ಇರುವುದಿಲ್ಲ.

ಹಳೆಯದು ನಡೆಯುವಂಥವು

ಆಯಿಲ್ ಚೇಂಬರು, ಟ್ಯಾಪೆಟ್ ಕವರು, ಫ್ಲೈವೀಲ್ ಹೌಸಿಂಗು, ಪುಲ್ಲಿ, ಬ್ರಾಕೆಟ್ಟು, ಫ್ಯಾನು, ಮ್ಯಾನಿಫೋಲ್ಡು ಇವು ಬಿರುಕಿಲ್ಲದೆ, ಸೊಟ್ಟಗಾಗದೆ ಇದ್ದರೆ ಗುಜರಿಯಿಂದ ತಂದರೂ ನಡೆಯುತ್ತದೆ. ಸೆಲ್ಫ್ ಮೋಟಾರು ಮತ್ತು ಡೈನಮೊ ರಿಪೇರಿ ಮಾಡಿಸಿದವು ಸಾಕು. ಅವು ಹೊರಗಡೆ ಇರುತ್ತವೆ. ಕೆಟ್ಟರೆ ಅರ್ಧ ದಿನದಲ್ಲಿ ಬಿಚ್ಚಿ ಹಾಕಬಹುದು. ಫ್ಲೈವೀಲಿನ ಮುಖ ಲೇಥಿನಲ್ಲಿ ಸಮ ಮಾಡಿಸಿದರೆ ಹಳೆಯದೇ ಬರುತ್ತದೆ.

ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರನ್ನು ಮಾತ್ರ ಹಾಗೆಯೇ ಹಾಕಬೇಡಿರಿ. ಹಳೆಯದಿರಲಿ, ಆದರೆ ರಿಂಗು ಮತ್ತು ವಾಲ್ವಿನ ಕಿಟ್ಟು ಹೊಸದು ಬಿದ್ದಿರಲಿ. ಕಬ್ಬು ಹೇರಿದ ಗಾಡಿ ಇಳಿಜಾರಿನಲ್ಲಿ ನಿಲ್ಲುವುದು ಆ ಗಾಳಿಯಿಂದಲೇ.

ಡೀಸೆಲ್, ಗಾಳಿ, ನೀರು

ಡೀಸೆಲ್ ಪಂಪು ಹಳೆಯದಾದರೂ ಆದೀತು, ಆದರೆ ಅದು ನಿಮ್ಮ ಎಂಜಿನ್ ಮಾದರಿಗೆ ಹೇಳಿದ ಪಂಪೇ ಆಗಿರಬೇಕು. ಪಂಪಿನ ಮೇಲಿನ ನಂಬರು ತಾಳೆ ನೋಡಿರಿ. ಮೈಕೋ ಎಂದು ನಾವೆಲ್ಲ ಕರೆಯುತ್ತಿದ್ದ ಬೆಂಗಳೂರಿನ ಕಂಪನಿ 1951ರಲ್ಲಿ ಶುರುವಾದದ್ದು. 2008ರಿಂದ ಅದರ ಹೆಸರು ಬಾಷ್ ಎಂದಾಗಿದೆ. ಹಳೆಯ ಪಂಪಿನ ಮೇಲೆ ಮೈಕೋ ಎಂದಿದ್ದರೂ ಅಂಗಡಿಯಲ್ಲಿ ಬಾಷ್ ಎಂದು ಕೇಳಿರಿ. ಪಂಪು ಮತ್ತು ನಾಝಲುಗಳನ್ನು ಪರೀಕ್ಷಾ ಯಂತ್ರದ ಮೇಲೆ ಕೂರಿಸಿ ಹೊಂದಿಸಲೇಬೇಕು. ಕಿವಿಯಿಂದ ಕೇಳಿ ಸ್ಕ್ರೂ ತಿರುವುವವನ ಕೈಗೆ ಕೊಟ್ಟರೆ ಎಂಜಿನ್ ಎಷ್ಟೇ ಹೊಸದಿರಲಿ, ಡೀಸೆಲ್ ಸುರಿಯುತ್ತಲೇ ಇರುತ್ತದೆ.

ಒಂದು ಲೆಕ್ಕ ನೋಡಿರಿ. ದಿನಕ್ಕೆ 100 ಕಿಲೋಮೀಟರ್ ಓಡುವ ಗಾಡಿ ಲೀಟರಿಗೆ 4 ಕಿ.ಮೀ. ಕೊಟ್ಟರೆ 25 ಲೀಟರ್ ಬೇಕು, 5 ಕಿ.ಮೀ. ಕೊಟ್ಟರೆ 20 ಲೀಟರ್ ಸಾಕು. ದಿನಕ್ಕೆ 5 ಲೀಟರಿನಂತೆ 120 ದಿನದ ಹಂಗಾಮಿಗೆ 600 ಲೀಟರ್ ವ್ಯತ್ಯಾಸ. ಪಂಪಿನ ಕೆಲಸಕ್ಕೆ ಕೊಡುವ ಹಣವನ್ನು ಇದರ ಪಕ್ಕದಲ್ಲಿಟ್ಟು ತೂಗಿರಿ.

ಗಾಳಿಯ ದಾರಿಯ ಮೇಲೆ ವಿಶೇಷ ಗಮನವಿರಲಿ. ಕಬ್ಬಿನ ಹೊಲದ ದೂಳು ಫಿಲ್ಟರ್ ದಾಟಿ ಒಳಗೆ ಹೋದರೆ ಮರಳು ಕಾಗದದಿಂದ ಉಜ್ಜಿದಂತೆ ರಿಂಗು ಸವೆಯುತ್ತದೆ. ಹೊಸ ಎಂಜಿನ್ ಒಂದೇ ಹಂಗಾಮಿನಲ್ಲಿ ಮುದಿಯಾಗುವುದಕ್ಕೆ ಇಷ್ಟು ಸಾಕು. ಫಿಲ್ಟರಿನಿಂದ ಎಂಜಿನ್ನಿನವರೆಗಿನ ರಬ್ಬರ್ ಪೈಪು ಸೀಳಿದ್ದರೆ ಬದಲಿಸಿರಿ, ಕ್ಲಿಪ್ಪು ಬಿಗಿ ಮಾಡಿರಿ.

ರೇಡಿಯೇಟರನ್ನು ತೊಳೆಯಿಸಿ, ಸೋರುತ್ತದೆಯೇ ನೋಡಿಸಿ ಹಾಕಿರಿ. ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವ ರೂಢಿ ನಮ್ಮಲ್ಲಿದೆ, ಅದು ತಪ್ಪು. ಎಂಜಿನ್ ಸರಿಯಾದ ಬಿಸಿಗೆ ಬರದಿದ್ದರೆ ಡೀಸೆಲ್ ಹೆಚ್ಚು ಹೋಗುತ್ತದೆ, ಲೈನರೂ ಬೇಗ ಸವೆಯುತ್ತದೆ. ಹಳೆಯ ಎಂಜಿನ್ ಒಡೆದು ಹೋಗಿದ್ದರೆ ಅದರ ಆಯಿಲ್ ಕೂಲರಿನಲ್ಲಿ ಲೋಹದ ಪುಡಿ ಕೂತಿರುತ್ತದೆ. ಅದನ್ನು ಪೂರ್ತಿ ಸ್ವಚ್ಛ ಮಾಡದೆ ಮತ್ತೆ ಹಾಕಬೇಡಿರಿ.

ಬಳಸಿದ ಎಂಜಿನ್ ಕೊಳ್ಳುವಾಗ

ಇಡೀ ಎಂಜಿನ್ನನ್ನೇ ಗುಜರಿಯವರಿಂದ ಕೊಳ್ಳುವುದಾದರೆ ನಡೆಸಿ ತೋರಿಸಲು ಕೇಳಿರಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ನನ್ನು ನಂಬಬೇಡಿರಿ. ತಣ್ಣಗಿದ್ದದ್ದು ಹೇಗೆ ಚಾಲೂ ಆಗುತ್ತದೆ ನೋಡಿರಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ನಡೆಸಲು ಆಗದಿದ್ದರೆ ಚೇಂಬರ್ ಬಿಚ್ಚಿಸಿ ಒಂದೆರಡು ಬೇರಿಂಗು ನೋಡಿರಿ, ಕ್ರ್ಯಾಂಕನ್ನು ಹಿಂದೆ ಮುಂದೆ ತಳ್ಳಿ ಆಟ ಎಷ್ಟಿದೆ ಗಮನಿಸಿರಿ.

ಎಂಜಿನ್ ನಂಬರು ಉಜ್ಜಿದ, ಮತ್ತೆ ಕೊರೆದ ಗುರುತಿದ್ದರೆ ಅಲ್ಲಿಂದಲೇ ಮರಳಿರಿ. ಯಾವ ಗಾಡಿಯಿಂದ ಇಳಿಸಿದ್ದು, ಆ ಗಾಡಿಯ ನೋಂದಣಿ ರದ್ದಾಗಿದೆಯೇ ಎಂಬುದಕ್ಕೆ ಕಾಗದ, ಮಾರಿದ್ದಕ್ಕೆ ಬಿಲ್ಲು ಬೇಕು. ಕಳವಿನ ಎಂಜಿನ್ ಎಂದು ಸಾಬೀತಾದರೆ ಹಣವೂ ಹೋಯಿತು, ಮಾನವೂ ಹೋಯಿತು.

ಇನ್ನೊಂದು ದಾರಿಯಿದೆ. ಹಳೆಯ ಎಂಜಿನ್ ಕೊಟ್ಟು, ಕಂಪನಿಯ ವ್ಯವಸ್ಥೆಯಲ್ಲಿಯೇ ಸರಿಮಾಡಿದ ಎಂಜಿನ್ ಪಡೆಯುವುದು. ಟಾಟಾ ಮೋಟಾರ್ಸಿನಲ್ಲಿ ಪ್ರೋಲೈಫ್ ಎಂಬ ಹೆಸರಿನಲ್ಲಿ ಇಂಥ ವ್ಯವಸ್ಥೆಯಿದೆ. ಗುಜರಿಯ ಬೆಲೆಗಿಂತ ಹೆಚ್ಚಾದರೂ ಖಾತರಿ ಇರುತ್ತದೆ. ನಿಮ್ಮ ಮಾದರಿಗೆ ಸಿಗುತ್ತದೆಯೇ ಎಂದು ಡೀಲರನ್ನು ಕೇಳಿರಿ.

ಕಾಗದಪತ್ರ ಮರೆಯಬೇಡಿರಿ

ಎಂಜಿನ್ ಬದಲಾದರೆ ಆರ್.ಸಿ. ಪುಸ್ತಕದ ನಂಬರೂ ಬದಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇದಕ್ಕೆ ಸಂಬಂಧಿಸಿದ್ದು. ಕೆಲಸಕ್ಕೆ ಕೈಹಾಕುವ ಮೊದಲೇ ಜಮಖಂಡಿಯ ಸಾರಿಗೆ ಕಚೇರಿಗೆ, ಬಾಗಲಕೋಟೆಯಲ್ಲಿ ನೋಂದಣಿಯಾಗಿದ್ದರೆ ಅಲ್ಲಿಗೆ, ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ಕೂರಿಸಿದ 14 ದಿನಗಳೊಳಗೆ ಬಿಲ್ಲು ಮತ್ತು ಆರ್.ಸಿ. ಸಹಿತ ವರದಿ ಮಾಡಿ ನಮೂದು ಮಾಡಿಸಿರಿ. ಗಾಡಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಇರಲಿ. ವಿಮಾ ಕಂಪನಿಗೂ ಹೊಸ ನಂಬರು ತಿಳಿಸಿರಿ. ಅಪಘಾತವಾದ ದಿನ ಪುಸ್ತಕದ ನಂಬರು ಒಂದು, ಎಂಜಿನ್ನಿನ ನಂಬರು ಇನ್ನೊಂದು ಆಗಿದ್ದರೆ ಪರಿಹಾರಕ್ಕೆ ತೊಡಕಾಗುತ್ತದೆ.

ಇನ್ನೊಂದು ಮಾತನ್ನು ಈ ಖರ್ಚಿಗೆ ಮೊದಲೇ ಯೋಚಿಸಬೇಕು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಅರ್ಹತಾ ಪತ್ರ ಬೇಕು. 15 ವರ್ಷ ದಾಟಿದವುಗಳ ಶುಲ್ಕ 2022ರ ಏಪ್ರಿಲಿನಿಂದ ಬಹಳ ಏರಿದೆ. ಚಾಸಿ ಬಿರುಕು ಬಿಟ್ಟು, ಕ್ಯಾಬಿನ್ ತುಕ್ಕು ಹಿಡಿದು, ಹೌಸಿಂಗೂ ಶಬ್ದ ಮಾಡುತ್ತಿದ್ದರೆ ಅಂಥ ಗಾಡಿಗೆ ಒಳ್ಳೆಯ ಎಂಜಿನ್ ಹಾಕುವುದು ಕೊಳೆತ ತೊಲೆಗೆ ಹೊಸ ಹಂಚು ಹೊದಿಸಿದಂತೆ. ಆ ಹಣವನ್ನು ಇನ್ನೊಂದು ಗಾಡಿಯ ಮುಂಗಡಕ್ಕೆ ಇಟ್ಟುಕೊಳ್ಳುವುದೇ ಜಾಣತನ.

ಹೇರು ಹಾಕುವ ಮುನ್ನ

ಕೆಲಸ ಮುಗಿದ ಎಂಜಿನ್ನಿಗೆ ಮೊದಲ ದಿನವೇ ಪೂರ್ತಿ ಹೇರು ಹಾಕಬಾರದು. ಹೊಸ ರಿಂಗು ಲೈನರಿಗೆ ಹೊಂದಿಕೊಳ್ಳಲು ಸಮಯ ಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ಕಡಿಮೆ ಹೇರಿನಲ್ಲಿ ಓಡಿಸಿರಿ. ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಚಾಲೂ ಇಡುವುದೂ ಬೇಡ. ಮಿಸ್ತ್ರಿ ಹೇಳಿದ ದೂರಕ್ಕೆ ಹೆಡ್ಡಿನ ಬೋಲ್ಟು, ಟ್ಯಾಪೆಟ್ಟು ಮತ್ತೆ ನೋಡಿಸಿರಿ. ಮೊದಲ ಆಯಿಲ್ ಮತ್ತು ಫಿಲ್ಟರನ್ನು ಬೇಗನೆ ಬದಲಿಸಿರಿ. ಒಳಗಿನ ಸಣ್ಣ ಪುಡಿಯೆಲ್ಲ ಅದರೊಡನೆ ಹೋಗುತ್ತದೆ.

ಇಷ್ಟಕ್ಕೆಲ್ಲ ಕಾಲಾವಕಾಶ ಬೇಕು. ಕಾರ ಹುಣ್ಣಿಮೆ ಮುಗಿದ ಮೇಲೆ ಎಂಜಿನ್ ಇಳಿಸಿರಿ. ಶ್ರಾವಣದೊಳಗೆ ಅಳತೆ, ಗ್ರೈಂಡಿಂಗು, ಖರೀದಿ ಆಗಲಿ. ಗಣೇಶ ಚೌತಿಯ ಹೊತ್ತಿಗೆ ಕೂರಿಸಿ, ಆರ್.ಸಿ. ನಮೂದು ಮಾಡಿಸಿರಿ. ಖಂಡೇನವಮಿಗೆ ಪೂಜೆ ಮಾಡುವಾಗ ಗಾಡಿ ನಾಲ್ಕು ನೂರು ಕಿಲೋಮೀಟರ್ ಓಡಿ ಹದಕ್ಕೆ ಬಂದಿರಲಿ. ಕಾರ್ಖಾನೆ ಶುರುವಾದ ಮೇಲೆ ಮಿಸ್ತ್ರಿಯನ್ನು ಹುಡುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆಗ ಮಿಸ್ತ್ರಿ ಸಿಗುವುದಿಲ್ಲ, ಸಿಕ್ಕರೂ ಅಳತೆಗೆ ಪುರಸೊತ್ತಿರುವುದಿಲ್ಲ, ಕೊಂಡ ಸಾಮಾನಿನ ಬೆಲೆ ಕೇಳುವ ಧೈರ್ಯ ನಿಮಗೂ ಇರುವುದಿಲ್ಲ.